ವಂಶವಾಹಿ ಜೋಡಣೆಯ ಲೆಕ್ಕ

ತಂದೆತಾಯಿಯಿಂದ ಮಕ್ಕಳಿಗೆ, ಗಂಡುಗಿಡ ಹೆಣ್ಣುಗಿಡಗಳಿಂದ ಬೀಜಕ್ಕೆ ಇಳಿದುಬರುವ ಲಕ್ಷಣವೊಂದರ ಹಿಂದಿರುವ ವಂಶವಾಹಿಗಳು, ಅಂದರೆ ಜೀನ್‌ಗಳು, ಎಷ್ಟು ಬಗೆಯಲ್ಲಿ ಜೊತೆಗೂಡಬಲ್ಲವು, ಆ ಒಂದೊಂದು ಜೊತೆಯೂ ಎಷ್ಟರಲ್ಲಿ ಒಂದು ಸಲ ಬರಬಹುದು ಎಂಬುದನ್ನು ಎಣಿಸಿ ಹೇಳುವ ವಿಧಾನ. ಬ್ರನೊ ಪಟ್ಟಣದ ಮಠದ ತೋಟದಲ್ಲಿ ಬಟಾಣಿ ಬೆಳೆದ ಗ್ರೆಗರ್ ಮೆಂಡಲ್ (1822–1884) 1865ರಲ್ಲಿ ಓದಿ 1866ರಲ್ಲಿ ಅಚ್ಚು ಮಾಡಿಸಿದ ಪ್ರಬಂಧ ಇದರ ಬುನಾದಿ. ಆ ಪ್ರಬಂಧ 34 ವರ್ಷ ಕಪಾಟಿನಲ್ಲಿ ಉಳಿದು, 1900ರಲ್ಲಿ ಮೂವರು ಯುರೋಪಿಯನ್ ಸಸ್ಯವಿಜ್ಞಾನಿಗಳ ಕೈಯಲ್ಲಿ ಮತ್ತೆ ಬೆಳಕಿಗೆ ಬಂತು.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಓದುಗರಿಗೆ ಈ ಲೆಕ್ಕ ಕಲಿಯಲು ಪಠ್ಯಪುಸ್ತಕದ ಬಟಾಣಿಯೇ ಬೇಕೆಂದಿಲ್ಲ. ಎರೆಹೊಲದ ಹತ್ತಿ, ಹಿಂಗಾರಿನ ಕಡಲೆ ಮತ್ತು ಗೋಧಿ, ಒಣಬಯಲಿನ ಕುರಿಹಿಂಡು, ಮನೆಯೊಳಗಿನ ಸೋದರಿಕೆಯ ಮದುವೆ, ಇವೆಲ್ಲವೂ ಅದೇ ಲೆಕ್ಕದ ಮೇಲೆ ನಡೆಯುತ್ತವೆ. ಈ ನಾಲ್ಕು ಊರುಗಳಿಗೆ ಹತ್ತಿರವಿರುವ ಧಾರವಾಡ ನೂರು ವರ್ಷದಿಂದ ಹತ್ತಿಯ ತಳಿಶಾಸ್ತ್ರಕ್ಕೆ ಹೆಸರಾದ ಊರು. ಹೀಗಾಗಿ ಇಲ್ಲಿನ ನಿದರ್ಶನಗಳನ್ನೇ ಹಿಡಿದು ವಿಷಯವನ್ನು ವಿವರಿಸಿದೆ.

ಎಷ್ಟು ಬಗೆ, ಎಷ್ಟು ಸಲ

ಸಾಮಾನ್ಯವಾಗಿ ಜೀವಿಯೊಂದರಲ್ಲಿ ಪ್ರತಿ ವಂಶವಾಹಿಯ ಎರಡು ಪ್ರತಿಗಳಿರುತ್ತವೆ. ಒಂದು ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು. ಒಂದೇ ವಂಶವಾಹಿಯ ಬೇರೆ ಬೇರೆ ರೂಪಗಳಿಗೆ ಅಲೀಲ್ ಎನ್ನುತ್ತಾರೆ. ಲಿಂಗಾಣು ಹುಟ್ಟುವಾಗ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಅದರೊಳಗೆ ಹೋಗುತ್ತದೆ. ಯಾವುದು ಹೋಗುತ್ತದೆ ಎಂಬುದು ನಾಣ್ಯ ಚಿಮ್ಮಿದಂತೆ.

ಕಡಲೆಯನ್ನು ತೆಗೆದುಕೊಳ್ಳೋಣ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಹೆಸರು ಹೊತ್ತ ಅಣ್ಣಿಗೇರಿ-1 ಈ ಸೀಮೆಯ ಹೊಲಗಳಿಗೆ ಚಿರಪರಿಚಿತ ದೇಶಿ ಕಡಲೆ. ದೇಶಿ ಕಡಲೆಯ ಹೂವು ಸಾಮಾನ್ಯವಾಗಿ ಗುಲಾಬಿ, ಕಾಬೂಲಿ ಕಡಲೆಯದು ಬಿಳಿ. ಗುಲಾಬಿ ಅಲೀಲನ್ನು ಗ ಎಂದೂ ಬಿಳಿಯದನ್ನು ಬ ಎಂದೂ ಬರೆಯೋಣ. ಶುದ್ಧ ದೇಶಿ ಗಗ, ಶುದ್ಧ ಕಾಬೂಲಿ ಬಬ. ಇವೆರಡನ್ನು ಕೂಡಿಸಿದರೆ ಮೊದಲ ಪೀಳಿಗೆ ಪೂರ್ತಿ ಗಬ. ಹೂವು ಮಾತ್ರ ಎಲ್ಲ ಗುಲಾಬಿ, ಏಕೆಂದರೆ ಗ ಪ್ರಬಲ, ಬ ದುರ್ಬಲ. ಈ ಗಬ ಗಿಡ ತಾನಾಗಿ ಬೀಜ ಕಟ್ಟಿದಾಗ ಪರಾಗದಲ್ಲಿ ಅರ್ಧ ಗ, ಅರ್ಧ ಬ, ಅಂಡದಲ್ಲೂ ಅಷ್ಟೇ. ಎರಡು ಅಡ್ಡಸಾಲು, ಎರಡು ಉದ್ದಸಾಲಿನ ಚೌಕ ಬರೆದು ತುಂಬಿದರೆ ನಾಲ್ಕು ಮನೆಗಳಲ್ಲಿ ಗಗ, ಗಬ, ಬಗ, ಬಬ ಬರುತ್ತವೆ. ಕೇಂಬ್ರಿಜ್‌ನ ರೆಜಿನಾಲ್ಡ್ ಪನ್ನೆಟ್ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ರೂಢಿಗೆ ತಂದ ಈ ಚೌಕಕ್ಕೆ ಪನ್ನೆಟ್ ಚೌಕವೆಂದೇ ಹೆಸರು.

ಚೌಕದಲ್ಲಿ ಮನೆಗಳು ನಾಲ್ಕು, ಜೋಡಣೆಯ ಬಗೆಗಳು ಮೂರು, ಕಣ್ಣಿಗೆ ಕಾಣುವ ರೂಪಗಳು ಎರಡು. ಕಲಿಯುವವರು ಎಡವುವುದು ಇಲ್ಲಿಯೇ. ಬಗೆ ಮೂರಿದ್ದ ಮಾತ್ರಕ್ಕೆ ಒಂದೊಂದಕ್ಕೂ ಮೂರರಲ್ಲಿ ಒಂದು ಪಾಲು ಸಿಗುವುದಿಲ್ಲ. ತಾಯಿಯಿಂದ ಗ ಬಂದು ತಂದೆಯಿಂದ ಬ ಬಂದರೂ ಗಬ, ತಿರುವುಮುರುವಾದರೂ ಗಬ. ಹೀಗೆ ಎರಡು ದಾರಿಯಿಂದ ಬರುವ ಗಬಗೆ ಎರಡು ಪಾಲು. ಜೋಡಣೆಯ ಪ್ರಮಾಣ 1:2:1, ಹೂವಿನ ಬಣ್ಣದ ಪ್ರಮಾಣ 3:1. ಮೆಂಡಲ್ ದುಂಡು ಮತ್ತು ಸುಕ್ಕು ಬಟಾಣಿಗಳನ್ನು ಎಣಿಸಿದಾಗ ಸಿಕ್ಕಿದ್ದು 5,474 ಮತ್ತು 1,850, ಅಂದರೆ 2.96ಕ್ಕೆ 1. ಎಣಿಕೆ ದೊಡ್ಡದಾದಷ್ಟೂ ಪ್ರಮಾಣ ಮೂರಕ್ಕೆ ಹತ್ತಿರವಾಗುತ್ತದೆ. ನಾಲ್ಕೇ ಗಿಡ ನೋಡಿ 3:1 ಹುಡುಕುವುದು ವ್ಯರ್ಥ.

ಅಲೀಲ್‌ಗಳು ಎರಡಕ್ಕಿಂತ ಹೆಚ್ಚಿದ್ದರೆ ಬಗೆಗಳನ್ನು ಎಣಿಸಲು ಸುಲಭ ಸೂತ್ರವಿದೆ. ಅಲೀಲ್‌ಗಳ ಸಂಖ್ಯೆಯನ್ನು ಅದಕ್ಕಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಗುಣಿಸಿ ಎರಡರಿಂದ ಭಾಗಿಸಬೇಕು. ಎರಡು ಅಲೀಲ್‌ಗೆ 3 ಬಗೆ, ಮೂರಕ್ಕೆ 6, ನಾಲ್ಕಕ್ಕೆ 10. ವಂಶವಾಹಿಗಳು ಒಂದಕ್ಕಿಂತ ಹೆಚ್ಚಿದ್ದು ಒಂದರ ಗೊಡವೆಗೆ ಇನ್ನೊಂದು ಹೋಗದಿದ್ದರೆ ಒಂದೊಂದರ ಬಗೆಗಳನ್ನು ಗುಣಿಸುತ್ತ ಹೋಗಬೇಕು. ಎರಡೆರಡು ಅಲೀಲ್‌ಗಳ ಎರಡು ವಂಶವಾಹಿಗೆ 9 ಬಗೆ, 16 ಮನೆಯ ಚೌಕ. ಮೂರಕ್ಕೆ 27 ಬಗೆ, 64 ಮನೆ. ಹತ್ತಕ್ಕೆ 59,049 ಬಗೆ, 10,48,576 ಮನೆ. ಅಷ್ಟು ದೊಡ್ಡ ಚೌಕ ಬರೆಯುವ ಅಗತ್ಯವೂ ಇಲ್ಲ. ಒಂದೊಂದು ವಂಶವಾಹಿಯ ಪಾಲನ್ನು ಬೇರೆಯಾಗಿ ತೆಗೆದು, ‘ಇದೂ ಬೇಕು ಅದೂ ಬೇಕು’ ಎಂಬಲ್ಲಿ ಗುಣಿಸಿ, ‘ಇದಾದರೂ ಸರಿ ಅದಾದರೂ ಸರಿ’ ಎಂಬಲ್ಲಿ ಕೂಡಿದರೆ ಉತ್ತರ ಒಂದೇ ಸಾಲಿನಲ್ಲಿ ಬರುತ್ತದೆ. ಚೌಕ ಕಲಿಕೆಯ ಮೊದಲ ಮೆಟ್ಟಿಲು, ನಿಜವಾದ ಕೆಲಸಗಾರ ಗುಣಾಕಾರ.

ಕಡಲೆಯಲ್ಲೇ ಇನ್ನೊಂದು ಪಾಠವಿದೆ. ಕೆಲವು ಬಿಳಿಹೂವಿನ ತಳಿಗಳನ್ನು ಇನ್ನೊಂದು ಬಿಳಿಹೂವಿನ ತಳಿಯ ಜೊತೆ ಕೂಡಿಸಿದರೆ ಮೊದಲ ಪೀಳಿಗೆಯೆಲ್ಲ ಗುಲಾಬಿಯಾಗುತ್ತದೆ. ಬಣ್ಣ ಕಟ್ಟಲು ಎರಡು ವಂಶವಾಹಿಗಳ ಪ್ರಬಲ ರೂಪಗಳು ಒಟ್ಟಿಗೆ ಬೇಕು. ಒಂದು ತಳಿಯಲ್ಲಿ ಒಂದು ಕೆಟ್ಟಿದೆ, ಇನ್ನೊಂದರಲ್ಲಿ ಇನ್ನೊಂದು. ಎರಡನೆಯ ಪೀಳಿಗೆಯಲ್ಲಿ ಎರಡೂ ಸರಿಯಿರುವ ಪಾಲು ಮುಕ್ಕಾಲರ ಮುಕ್ಕಾಲು, ಅಂದರೆ 16ರಲ್ಲಿ 9. ಉಳಿದ 7 ಬಿಳಿ. 9:7 ಎಂಬ ಪ್ರಮಾಣ ಕಂಡರೆ ತಳಿಗಾರ ಕೂಡಲೇ ಎರಡು ವಂಶವಾಹಿಗಳನ್ನು ಊಹಿಸುತ್ತಾನೆ.

ಎರೆಹೊಲದ ಹತ್ತಿ

ಬೈಲಹೊಂಗಲ ಮತ್ತು ಸವದತ್ತಿಯ ಎರೆಭೂಮಿಯ ಹಳೆಯ ಜವಾರಿ ಹತ್ತಿ ಹರ್ಬೇಸಿಯಂ ಜಾತಿಯದು. ಉತ್ತರ ಕನ್ನಡದ ಕುಮಟಾ ಬಂದರಿನಲ್ಲಿ ಹಡಗು ಹತ್ತುತ್ತಿದ್ದುದರಿಂದ ಹೊರಗಿನ ಪೇಟೆಯಲ್ಲಿ ಅದಕ್ಕೆ ಕುಂಪ್ಟಾ ಎಂಬ ಹೆಸರು ಬಿತ್ತು. 1840ರ ದಶಕದಲ್ಲಿ ಕಂಪನಿ ಸರಕಾರ ಧಾರವಾಡ ಜಿಲ್ಲೆಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿತು. ಹರ್ಸುಟಂ ಜಾತಿಯ ಆ ಹತ್ತಿ ಇಲ್ಲಿನ ನೆಲಕ್ಕೆ ಒಗ್ಗಿ ಧಾರವಾಡ-ಅಮೆರಿಕನ್ ಎನಿಸಿತು. ಅಂದಿನಿಂದ ಎರಡು ಬೇರೆ ಲೋಕದ ಹತ್ತಿಗಳು ಒಂದೇ ಸೀಮೆಯಲ್ಲಿ ಬೆಳೆಯುತ್ತಿವೆ. ವಂಶವಾಹಿಗಳನ್ನು ಹೊತ್ತ ವರ್ಣತಂತುಗಳು ಜವಾರಿ ಹತ್ತಿಯಲ್ಲಿ 13 ಜೊತೆ, ಅಮೆರಿಕದ ಹತ್ತಿಯಲ್ಲಿ 26 ಜೊತೆ. ಪ್ರತಿ ಜೊತೆಯಿಂದ ಒಂದನ್ನು ಆಯ್ದು ಲಿಂಗಾಣು ಕಟ್ಟುವ ಬಗೆಗಳು ಜವಾರಿಯಲ್ಲಿ ಎರಡನ್ನು 13 ಸಲ ಗುಣಿಸಿದಷ್ಟು, ಅಂದರೆ 8,192. ಅಮೆರಿಕದ ಹತ್ತಿಯಲ್ಲಿ ಅದೇ ಲೆಕ್ಕ 6,71,08,864ಕ್ಕೆ ಏರುತ್ತದೆ. ಇವೆರಡನ್ನು ನೇರವಾಗಿ ಕೂಡಿಸಿದರೆ ಗಿಡಕ್ಕೆ 13 ಮತ್ತು 26 ಸೇರಿ 39 ವರ್ಣತಂತು ಬರುತ್ತವೆ. ಜೊತೆ ಸಿಗದ ವರ್ಣತಂತುಗಳಿಂದ ಆ ಗಿಡ ಬಹುಮಟ್ಟಿಗೆ ಬಂಜೆಯಾಗುತ್ತದೆ. ಜೋಡಣೆಯ ಲೆಕ್ಕಕ್ಕೆ ಮೊದಲ ಶರತ್ತು ಜೊತೆ ಇರುವುದು.

ಮೆಂಡಲ್‌ನ ನಿಯಮ ಮತ್ತೆ ಬೆಳಕಿಗೆ ಬಂದ ಇಪ್ಪತ್ತೇ ವರ್ಷಗಳಲ್ಲಿ ಧಾರವಾಡದ ಹತ್ತಿ ತಳಿವಿಜ್ಞಾನಿ ಜಿ. ಎಲ್. ಕೊಟ್ಟೂರ್ ಅದನ್ನು ಈ ನೆಲದ ಹತ್ತಿಯ ಮೇಲೆ ಪ್ರಯೋಗಿಸಿದ್ದರು. ಕುಂಪ್ಟಾ ಹತ್ತಿಯ ಸುಧಾರಣೆಯ ಕುರಿತ ಅವರ ಗ್ರಂಥ 1920ರದು. ಹರ್ಬೇಸಿಯಂ ಹತ್ತಿಯನ್ನು ನೆಗ್ಲೆಕ್ಟಂ ಎಂಬ ಇನ್ನೊಂದು ದೇಶಿ ಹತ್ತಿಯೊಡನೆ ಕೂಡಿಸಿ ಪೀಳಿಗೆಯಿಂದ ಪೀಳಿಗೆಗೆ ಲಕ್ಷಣಗಳು ಹೇಗೆ ಒಡೆದವು ಎಂಬ ದಾಖಲೆ 1923ರದು. ಭಾರತದಲ್ಲಿ ಈ ವಿದ್ಯೆ ಇನ್ನೂ ಹೊಸದಾಗಿದ್ದಾಗ ಧಾರವಾಡದ ಹೊಲದಲ್ಲಿ ಗಿಡ ಗಿಡ ಎಣಿಸಿದ ಈ ಕೆಲಸಕ್ಕೆ ಕನ್ನಡದಲ್ಲಿ ಸಲ್ಲಬೇಕಾದ ಗೌರವ ಸಂದಿಲ್ಲ.

ಜಗತ್ತಿನ ಮೊದಲ ವಾಣಿಜ್ಯ ಹೈಬ್ರಿಡ್ ಹತ್ತಿ ಎಚ್-4 ಅನ್ನು 1970ರಲ್ಲಿ ಸೂರತ್‌ನಲ್ಲಿ ಸಿ. ಟಿ. ಪಟೇಲ್ ಹೊರತಂದರು. ಎರಡೇ ವರ್ಷಕ್ಕೆ, 1972ರಲ್ಲಿ, ಧಾರವಾಡದ ಬಿ. ಎಚ್. ಕಟರ್ಕಿ ಎರಡು ಬೇರೆ ಜಾತಿಗಳನ್ನು ಕೂಡಿಸಿದ ವರಲಕ್ಷ್ಮಿಯನ್ನು ಕೊಟ್ಟರು. ಹೆಣ್ಣು ಹರ್ಸುಟಂ ಜಾತಿಯ ಲಕ್ಷ್ಮಿ, ಗಂಡು ಉದ್ದ ಎಳೆಯ ಬಾರ್ಬಡೆನ್ಸ್. ಎರಡೂ 26 ಜೊತೆಯವಾದ್ದರಿಂದ ಬೀಜ ಕಟ್ಟಿತು. 1981ರಲ್ಲಿ ಜಯಲಕ್ಷ್ಮಿ ಎಂಬ ಡಿಸಿಎಚ್-32 ಬಂತು. ಇವುಗಳ ಬೀಜ ಮಾಡುವ ಕೆಲಸ ಪೂರ್ತಿ ಕೈಯದು. ಹಿಂದಿನ ದಿನ ಸಂಜೆಯ ಹೊತ್ತಿಗೆ ಹೆಣ್ಣುಗಿಡದ ಮೊಗ್ಗಿನಿಂದ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಗಂಡುಗಿಡದ ಹೂವಿನ ಪರಾಗ ಸವರಬೇಕು. ಉತ್ತರ ಕರ್ನಾಟಕದಲ್ಲಿ ಇದಕ್ಕೆ ‘ಕ್ರಾಸಿಂಗ್’ ಎಂದೇ ಹೆಸರು. ಕೆಲಸಗಾರರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಜೋಡಣೆಯ ಲೆಕ್ಕ ಪುಸ್ತಕದಿಂದ ಹೊಲಕ್ಕೆ ಇಳಿದದ್ದು ಅವರ ಬೆರಳ ತುದಿಯಿಂದ.

ಹೈಬ್ರಿಡ್ ಗಿಡದ ಹತ್ತಿಕಾಳನ್ನೇ ಮರುವರ್ಷ ಬಿತ್ತಿದರೆ ಏನಾಗುತ್ತದೆ ಎಂದು ರೈತರು ಕೇಳುತ್ತಾರೆ. ಕೊಂಡ ಬೀಜದ ಗಿಡಗಳೆಲ್ಲ ಒಂದೇ ತೆರ, ಏಕೆಂದರೆ ಒಂದೊಂದು ಗಿಡದಲ್ಲೂ ಹೆಣ್ಣಿನ ಒಂದು ಪ್ರತಿ, ಗಂಡಿನ ಒಂದು ಪ್ರತಿ. ಮುಂದಿನ ಪೀಳಿಗೆಯಲ್ಲಿ ಯಾವುದೇ ವಂಶವಾಹಿಯನ್ನು ನೋಡಿದರೂ ಅರ್ಧ ಗಿಡಗಳಲ್ಲಿ ಮಾತ್ರ ಆ ಮಿಶ್ರ ಜೊತೆ ಉಳಿಯುತ್ತದೆ. ಇಳುವರಿಗೆ ಹತ್ತು ವಂಶವಾಹಿ ಮುಖ್ಯವೆಂದಿಟ್ಟುಕೊಂಡರೂ ಹತ್ತರಲ್ಲೂ ಮಿಶ್ರವಾಗಿರುವ ಗಿಡ ಸಿಗುವುದು 1,024ಕ್ಕೆ ಒಂದು. ಉಳಿದವು ಎತ್ತರ, ಎಳೆ, ಕಾಯಿಯ ಗಾತ್ರ ಎಲ್ಲದರಲ್ಲೂ ಚೆಲ್ಲಾಪಿಲ್ಲಿ. ಬೀಜದಂಗಡಿಯವರು ‘ಮತ್ತೆ ಬಿತ್ತಬ್ಯಾಡ್ರಿ’ ಎನ್ನುವುದರಲ್ಲಿ ವ್ಯಾಪಾರದ ಲಾಭ ಇರುವುದು ನಿಜ. ಆದರೆ ಲೆಕ್ಕವೂ ಅದನ್ನೇ ಹೇಳುತ್ತದೆ. ಜಯಧರದಂಥ ಜವಾರಿ ತಳಿಗಳಲ್ಲಿ ಎರಡೂ ಪ್ರತಿಗಳು ಬಹುಪಾಲು ಒಂದೇ ಆಗಿರುವುದರಿಂದ ಬೀಜ ಹಿಡಿದಿಟ್ಟು ಬಿತ್ತಬಹುದು. ಈ ವ್ಯತ್ಯಾಸ ತಿಳಿದ ರೈತ ಯಾವ ಬೀಜಕ್ಕೆ ಹಣ ಕೊಡಬೇಕು, ಯಾವುದನ್ನು ತನ್ನ ಮನೆಯಲ್ಲೇ ಉಳಿಸಿಕೊಳ್ಳಬಹುದು ಎಂಬುದನ್ನು ತಾನೇ ತೀರ್ಮಾನಿಸಬಲ್ಲ.

2002ರ ಮಾರ್ಚ್‌ನಲ್ಲಿ ಭಾರತದಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಮಣ್ಣಿನ ಒಂದು ಬ್ಯಾಕ್ಟೀರಿಯಾದ ವಂಶವಾಹಿಯನ್ನು ಹತ್ತಿಗೆ ಸೇರಿಸಿ ಕಾಯಿಕೊರಕಕ್ಕೆ ವಿಷವಾಗುವ ಪ್ರೋಟೀನು ಗಿಡದಲ್ಲೇ ತಯಾರಾಗುವಂತೆ ಮಾಡಿದ ಹತ್ತಿ ಇದು. 2006ರಲ್ಲಿ ಎರಡು ವಂಶವಾಹಿಗಳ ಬೋಲ್‌ಗಾರ್ಡ್-2 ಬಂತು. ಬೇರೆ ದೇಶಗಳಲ್ಲಿ ಬಿಟಿ ಹತ್ತಿ ಬಹುಪಾಲು ಶುದ್ಧ ತಳಿಯಾಗಿ ಬಂದರೆ ನಮ್ಮಲ್ಲಿ ಹೈಬ್ರಿಡ್ ಆಗಿ ಬಂತು, ಸಾಮಾನ್ಯವಾಗಿ ಗಂಡು ಹೆಣ್ಣುಗಿಡಗಳಲ್ಲಿ ಒಂದರಲ್ಲಿ ಮಾತ್ರ ಬಿಟಿ ವಂಶವಾಹಿ ಇಟ್ಟು. ಹಾಗಾಗಿ ಹೊಲದ ಪ್ರತಿ ಗಿಡದಲ್ಲೂ ಬಿಟಿಯ ಒಂದು ಪ್ರತಿ ಮಾತ್ರ. ಗಿಡದ ಎಲೆ, ಮೊಗ್ಗು, ಕಾಯಿಯ ಸಿಪ್ಪೆ ಎಲ್ಲದರಲ್ಲೂ ವಿಷ ಇರುತ್ತದೆ. ಆದರೆ ಕಾಯಿಯೊಳಗಿನ ಕಾಳು ಮುಂದಿನ ಪೀಳಿಗೆ. ಅಲ್ಲಿ 3:1 ಒಡೆಯುತ್ತದೆ, ಒಂದು ವಂಶವಾಹಿಯ ಬಿಟಿಯಲ್ಲಿ ನಾಲ್ಕನೆಯ ಒಂದು ಪಾಲು ಕಾಳುಗಳಲ್ಲಿ ವಿಷವೇ ಇಲ್ಲ. ಬೋಲ್‌ಗಾರ್ಡ್-2ರ ಒಂದು ಕಾಯಿಯಲ್ಲಿ 32 ಕಾಳಿದ್ದರೆ ಲೆಕ್ಕದಂತೆ 18ರಲ್ಲಿ ಎರಡೂ ವಿಷ, 6ರಲ್ಲಿ ಮೊದಲನೆಯದು ಮಾತ್ರ, 6ರಲ್ಲಿ ಎರಡನೆಯದು ಮಾತ್ರ, 2ರಲ್ಲಿ ಎರಡೂ ಇಲ್ಲ, ಅಂದರೆ 9:3:3:1.

ಗುಲಾಬಿ ಕಾಯಿಕೊರಕ ತಿನ್ನುವುದು ಕಾಳನ್ನೇ. ಒಂದು ಕಾಳಿನಿಂದ ಇನ್ನೊಂದಕ್ಕೆ ಹೋಗುತ್ತ ವಿಷವಿಲ್ಲದ್ದು, ಅರೆಬರೆ ಇರುವುದು, ಪೂರ್ತಿ ಇರುವುದು ಎಲ್ಲವನ್ನೂ ಸವಿಯುತ್ತದೆ. ಹುಳುವಿನ ವಂಶವಾಹಿಗಳಿಗೂ ಇದೇ ಚೌಕ. ವಿಷ ತಡೆಯುವ ಅಲೀಲ್ ದುರ್ಬಲವಾಗಿದ್ದು ಸಾವಿರಕ್ಕೆ ಒಂದರಂತೆ ಇದ್ದರೆ, ಅದು ಎರಡೂ ಕಡೆಯಿಂದ ಬಂದ ಹುಳು ಹತ್ತು ಲಕ್ಷಕ್ಕೆ ಒಂದು. ವಿಷದ ಪ್ರಮಾಣ ಎಲ್ಲೆಡೆ ಜೋರಾಗಿದ್ದರೆ ಒಂದೇ ಪ್ರತಿ ಇರುವ ಹುಳುಗಳು ಸಾಯುತ್ತವೆ. ಅರೆಬರೆ ವಿಷದಲ್ಲಿ ಅವು ಬದುಕಿ, ಒಂದರೊಡನೊಂದು ಕೂಡಿ, ನಾಲ್ಕಕ್ಕೆ ಒಂದರಂತೆ ಗಟ್ಟಿ ಹುಳು ಹುಟ್ಟಿಸುತ್ತವೆ. 450 ಗ್ರಾಂ ಬಿಟಿ ಪೊಟ್ಟಣದ ಜೊತೆ 120 ಗ್ರಾಂ ಬಿಟಿಯಲ್ಲದ ಬೀಜ ಕೊಟ್ಟು ಹೊಲದ ಅಂಚಿಗೆ ಬಿತ್ತಲು ಹೇಳಿದ್ದು ಈ ಕಾರಣಕ್ಕೆ: ಅಲ್ಲಿ ಬೆಳೆದ ವಿಷ ತಡೆಯದ ಪತಂಗಗಳು ಗಟ್ಟಿ ಪತಂಗಗಳೊಡನೆ ಕೂಡಿ ಮರಿಗಳನ್ನು ಒಂದೇ ಪ್ರತಿಯವನ್ನಾಗಿ ಮಾಡಲಿ ಎಂದು. ಬಹಳಷ್ಟು ಹೊಲಗಳಲ್ಲಿ ಆ ಪೊಟ್ಟಣ ಬಿತ್ತಲಿಲ್ಲ. ಯಾಕೆ ಬಿತ್ತಬೇಕೆಂದು ಕನ್ನಡದಲ್ಲಿ ಈ ಲೆಕ್ಕ ಬಿಡಿಸಿ ಹೇಳಿದವರೂ ಕಡಿಮೆ. 2010ರ ದಶಕದ ಮಧ್ಯದ ಹೊತ್ತಿಗೆ ಗುಲಾಬಿ ಕಾಯಿಕೊರಕ ಬೋಲ್‌ಗಾರ್ಡ್-2 ಅನ್ನೂ ಮೀರಿತು. ಕಾಳಿನೊಳಗಿನ 9:3:3:1 ಅದಕ್ಕೆ ಏಕೈಕ ಕಾರಣವಲ್ಲ, ಬೆಳೆಯನ್ನು ಬಹಳ ತಿಂಗಳು ಹೊಲದಲ್ಲಿ ಬಿಡುವುದೂ ಸೇರಿದೆ. ಆದರೂ ಹೈಬ್ರಿಡ್ ಬಿಟಿಯ ದಾರಿ ಹಿಡಿದಾಗಲೇ ಈ ಅಪಾಯ ಕಾಗದದ ಮೇಲೆ ಕಾಣುವಂತಿತ್ತು.

ಗೋಧಿಯ ಬಣ್ಣ, ಕುರಿಯ ಅವಳಿ

ಸ್ವೀಡನ್ನಿನ ನಿಲ್ಸನ್-ಏಲೆ 1909ರಲ್ಲಿ ಗೋಧಿಕಾಳಿನ ಕೆಂಪು ಬಣ್ಣಕ್ಕೆ ಮೂರು ವಂಶವಾಹಿಗಳು ಕಾರಣವೆಂದೂ ಒಂದೊಂದೂ ಬಣ್ಣಕ್ಕೆ ತನ್ನ ಪಾಲು ಸೇರಿಸುತ್ತದೆಂದೂ ತೋರಿಸಿದ. ಮೂರರಲ್ಲೂ ಮಿಶ್ರವಾದ ಗಿಡದ ಸಂತಾನದಲ್ಲಿ ಬಣ್ಣದ ಏಳು ಮೆಟ್ಟಿಲುಗಳು 1:6:15:20:15:6:1ರಂತೆ ಬರುತ್ತವೆ, 64ರಲ್ಲಿ ಒಂದು ಮಾತ್ರ ಪೂರ್ತಿ ಬಿಳಿ. ಇದು 42 ವರ್ಣತಂತುಗಳ ಚಪಾತಿ ಗೋಧಿಯ ಮಾತು. ಬೆಳಗಾವಿ ಕಡೆಯ ಜವೆಗೋಧಿಯಲ್ಲಿ ವರ್ಣತಂತುಗಳು 42 ಅಲ್ಲ, 28. ಹಾಗಾಗಿ ಬಣ್ಣದ ವಂಶವಾಹಿಗೆ ಎರಡೇ ನೆಲೆ, ಎರಡರಲ್ಲೂ ಮಿಶ್ರವಿದ್ದರೆ ಬಿಳಿಕಾಳು 16ಕ್ಕೆ ಒಂದು.

ತಳಿಗಾರರಿಗೆ ಇದರಿಂದ ಹುಟ್ಟುವ ಪ್ರಶ್ನೆ: ಬೇಕಾದ ಗಿಡ ಒಂದಾದರೂ ಸಿಗಲು ಎಷ್ಟು ಗಿಡ ಬೆಳೆಸಬೇಕು? 64ಕ್ಕೆ ಒಂದು ಎಂದಾಕ್ಷಣ 64 ಗಿಡ ಬೆಳೆಸಿದರೆ ಸಾಲದು. ನೂರಕ್ಕೆ ತೊಂಬತ್ತೈದರ ಭರವಸೆ ಬೇಕಾದರೆ 191 ಗಿಡ ಬೇಕು. 16ಕ್ಕೆ ಒಂದಾದರೆ 47, ನಾಲ್ಕಕ್ಕೆ ಒಂದಾದರೆ 11.

ರಾಮದುರ್ಗ ಕಡೆಯ ಕುರಿಗಾರರು ಸಾಕುವ ದಖನಿ ಕುರಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಬಂಗಾಳದ ಗರೋಲ್ ಕುರಿಯಲ್ಲಿ ಅವಳಿ ಮರಿಗೆ ಕಾರಣವಾಗುವ ಒಂದೇ ವಂಶವಾಹಿ ಇದೆ. ಮಹಾರಾಷ್ಟ್ರದ ಫಲಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಅದನ್ನು ದಖನಿ ಕುರಿಗೆ ತಂದು ನಾರಿ ಸುವರ್ಣ ಎಂಬ ತಳಿ ಮಾಡಿತು. ಟಗರು ಕೊಳ್ಳುವವರಿಗೆ ಲೆಕ್ಕ ನೇರ. ಎರಡೂ ಪ್ರತಿ ಇರುವ ಟಗರಿನ ಹೆಣ್ಣುಮರಿಗಳೆಲ್ಲ ಈ ವಂಶವಾಹಿ ಪಡೆಯುತ್ತವೆ, ಒಂದೇ ಪ್ರತಿಯ ಟಗರಿನಿಂದ ಅರ್ಧ ಮರಿಗಳಿಗೆ ಮಾತ್ರ. ಟಗರನ್ನು ನೋಡಿ ಇದನ್ನು ಹೇಳಲಾಗದು, ರಕ್ತದ ಡಿಎನ್‌ಎ ಪರೀಕ್ಷೆಯೇ ಬೇಕು.

ಚೌಕಕ್ಕೆ ಒಗ್ಗದವು

ಗುಣಾಕಾರದ ವಿಧಾನ ವಂಶವಾಹಿಗಳು ಬೇರೆ ಬೇರೆ ವರ್ಣತಂತುವಿನ ಮೇಲಿದ್ದರೆ ನೇರವಾಗಿ ನಡೆಯುತ್ತದೆ. ಒಂದೇ ವರ್ಣತಂತುವಿನಲ್ಲಿ ಹತ್ತಿರ ಕುಳಿತವು ಜೊತೆಯಾಗಿಯೇ ಪ್ರಯಾಣ ಮಾಡುತ್ತವೆ. ಆಗ 9:3:3:1 ಬರುವುದಿಲ್ಲ. ಕೆಲವು ಲಕ್ಷಣಗಳು ತಾಯಿಯಿಂದ ಮಾತ್ರ ಬರುತ್ತವೆ. 1964ರ ಸಿಎಸ್‌ಎಚ್-1 ಹೈಬ್ರಿಡ್ ಜೋಳ ಮತ್ತು 1965ರ ಎಚ್‌ಬಿ-1 ಹೈಬ್ರಿಡ್ ಸಜ್ಜೆ ತಯಾರಿಸಿದ್ದು ಪರಾಗ ಕಟ್ಟದ ಹೆಣ್ಣುಸಾಲಿನಿಂದ. ಆ ಬಂಜೆತನ ಇರುವುದು ಕೋಶದ್ರವದಲ್ಲಿ, ಅದು ತಾಯಿಗಿಡದ ಕೊಡುಗೆ.

ಮನುಷ್ಯರಲ್ಲಿ ಹಿಮೊಫಿಲಿಯಾ, ಬಣ್ಣಗುರುಡುಗಳ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿದೆ. ಗಂಡಿಗೆ ಅದು ಒಂದೇ ಇರುವುದರಿಂದ ಒಂದು ಕೆಟ್ಟ ಪ್ರತಿಯೇ ಸಾಕು. ಹಿಮೊಫಿಲಿಯಾ ಇರುವ ಗಂಡಸು ಹೊರಗಿನ ಹೆಣ್ಣನ್ನು ಮದುವೆಯಾದರೆ ಗಂಡುಮಕ್ಕಳಿಗೆ ಅದು ಬಾರದು, ಹೆಣ್ಣುಮಕ್ಕಳೆಲ್ಲ ಒಂದು ಕೆಟ್ಟ ಪ್ರತಿ ಹೊತ್ತ ವಾಹಕರಾಗುತ್ತಾರೆ. ತಾಯಿಯಿಂದ ರೋಗ ಪಡೆದ ಅವನೇ ಅಕ್ಕನ ಮಗಳನ್ನು ಮದುವೆಯಾದರೆ, ಆಕೆ ವಾಹಕಳಾಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹುಟ್ಟುವ ಒಂದೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ರೋಗದ ಸಾಧ್ಯತೆ ಎಂಟರಲ್ಲಿ ಒಂದು.

ರಕ್ತದ ಗುಂಪು, ಮುಂಬಯಿ ಗುಂಪು

ಎ, ಬಿ, ಓ ಎಂಬ ಮೂರು ಅಲೀಲ್‌ಗಳಿಂದ ಆರು ಜೋಡಣೆಗಳು, ಕಾಣುವ ಗುಂಪುಗಳು ನಾಲ್ಕು. ಎಎ ಮತ್ತು ಎಓ ಎರಡೂ ಎ ಗುಂಪು, ಬಿಬಿ ಮತ್ತು ಬಿಓ ಎರಡೂ ಬಿ, ಎಬಿ ಒಂದು, ಓಓ ಒಂದು. ಎಬಿ ಗುಂಪಿನ ತಂದೆಗೆ ಓ ಮಗು ಹುಟ್ಟಲಾರದು ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಈ ಮಾತಿಗೆ ಒಂದು ಅಪವಾದವಿದೆ, ಅದು ನಮ್ಮ ಭಾಗದ್ದೇ.

1952ರಲ್ಲಿ ಮುಂಬಯಿಯ ವೈ. ಎಂ. ಭೆಂಡೆ ಮತ್ತು ಸಂಗಡಿಗರು ಯಾವ ಗುಂಪಿಗೂ ಹೊಂದದ ರಕ್ತವನ್ನು ಗುರುತಿಸಿದರು. ಅದೇ ಮುಂಬಯಿ ಗುಂಪು. ಬೆಳಗಾವಿ ಜಿಲ್ಲೆಯೂ ಆಗ ಮುಂಬಯಿ ರಾಜ್ಯದಲ್ಲೇ ಇತ್ತು. ಎ ಮತ್ತು ಬಿ ಅಂಶಗಳು ಕಟ್ಟಿಕೊಳ್ಳಲು ಎಚ್ ಎಂಬ ಬುನಾದಿ ಬೇಕು. ಎಚ್‌ನ ವಂಶವಾಹಿ ಎರಡೂ ಕಡೆಯಿಂದ ಕೆಟ್ಟಿದ್ದರೆ ಎ, ಬಿ ವಂಶವಾಹಿ ಇದ್ದರೂ ಕಾಣುವುದಿಲ್ಲ, ಸಾದಾ ಪರೀಕ್ಷೆಯಲ್ಲಿ ರಕ್ತ ಓ ಎಂದು ತೋರುತ್ತದೆ. ಭಾರತದಲ್ಲಿ ಇದು ಸುಮಾರು ಹತ್ತು ಸಾವಿರಕ್ಕೆ ಒಂದು. ಮಹಾರಾಷ್ಟ್ರ ಮತ್ತು ಕರ್ನಾಟಕದ ಕಡೆ ಹೆಚ್ಚು, ಸೋದರಿಕೆಯ ಮನೆಗಳಲ್ಲಿ ಇನ್ನೂ ಹೆಚ್ಚು.

ಎರಡೂ ವಂಶವಾಹಿ ಸೇರಿದರೆ ಆರು ಮೂರಲೆ ಹದಿನೆಂಟು ಜೋಡಣೆ. ತಂದೆ ಎಓ, ತಾಯಿ ಬಿಓ, ಇಬ್ಬರಲ್ಲೂ ಎಚ್‌ನ ಒಂದು ಪ್ರತಿ ಕೆಟ್ಟಿದೆ ಎಂದುಕೊಳ್ಳೋಣ. ಮಗು ಮುಂಬಯಿ ಗುಂಪಿನದಾಗುವ ಪಾಲು 16ರಲ್ಲಿ 4. ಉಳಿದ 12 ಪಾಲು ಎ, ಬಿ, ಎಬಿ, ಓಗಳಿಗೆ ಮೂರು ಮೂರರಂತೆ ಹಂಚಿಹೋಗುತ್ತದೆ. ಸಾದಾ ಪರೀಕ್ಷೆ ಮಾಡಿದವರಿಗೆ 16ರಲ್ಲಿ 7 ಓ ಕಾಣುತ್ತವೆ. ತಂದೆ ಎಬಿ ಆಗಿದ್ದರೂ ಇಂಥ ಓ ಮಗು ಹುಟ್ಟಬಹುದು. ಇದನ್ನು ತಿಳಿಯದೆ ಹೆಂಡತಿಯ ಶೀಲವನ್ನು ಶಂಕಿಸುವುದು ಅನ್ಯಾಯ. ರಕ್ತದ ಗುಂಪಿನ ಚೀಟಿ ಒಂದನ್ನೇ ಹಿಡಿದು ಅಂಥ ತೀರ್ಮಾನಕ್ಕೆ ಯಾರೂ ಬರಕೂಡದು. ಮುಂಬಯಿ ಗುಂಪಿನವರಿಗೆ ಮುಂಬಯಿ ಗುಂಪಿನ ರಕ್ತವೇ ಬೇಕು, ಓ ರಕ್ತ ಕೊಟ್ಟರೆ ಪ್ರಾಣಾಪಾಯ. ಅಂಥವರ ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಒಬ್ಬೊಬ್ಬರಿಗೂ ಅದೇ ಗುಂಪು ಇರುವ ಸಾಧ್ಯತೆ ನಾಲ್ಕರಲ್ಲಿ ಒಂದಾದ್ದರಿಂದ ದಾನಿಯನ್ನು ಮೊದಲು ಮನೆಯಲ್ಲೇ ಹುಡುಕಬೇಕು.

ಸೋದರಿಕೆಯ ಮದುವೆ

ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಅಥವಾ ಸೋದರಮಾವನ ಮಗಳನ್ನು ತರುವುದು ಈ ಸೀಮೆಯ ಅನೇಕ ಮನೆತನಗಳಲ್ಲಿ ಹಳೆಯ ರೂಢಿ. 1955ರ ಹಿಂದೂ ವಿವಾಹ ಕಾಯ್ದೆ ರೂಢಿ ಇರುವಲ್ಲಿ ಇದಕ್ಕೆ ಅವಕಾಶ ಬಿಟ್ಟಿದೆ. 1980ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ನವಜಾತ ಶಿಶುಗಳ ರಕ್ತ ಪರೀಕ್ಷಿಸಿದ ದೊಡ್ಡ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ಮಗುವಿನ ತಂದೆತಾಯಿ ರಕ್ತಸಂಬಂಧಿಗಳಾಗಿದ್ದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಪ್ರಮಾಣ ನಾಲ್ಕರಲ್ಲಿ ಒಂದರ ಆಸುಪಾಸಿನಲ್ಲಿದೆ. ಆಸ್ತಿ ಒಡೆಯದಿರಲಿ, ಮಗಳು ಕಣ್ಣೆದುರಿಗಿರಲಿ, ಗೊತ್ತಿದ್ದ ಮನೆ ಎಂಬ ಕಾರಣಗಳು ಹಗುರವಾದವಲ್ಲ. ಲೆಕ್ಕ ಹೇಳುವವರು ಅವನ್ನು ಗೌರವದಿಂದಲೇ ಕೇಳಬೇಕು.

ಮಗುವಿನ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಬ್ಬನೇ ಹಿರಿಯನಿಂದ ಎರಡು ದಾರಿಯಲ್ಲಿ ಇಳಿದುಬಂದಿರುವ ಸಾಧ್ಯತೆ ಮಾವ–ಅಕ್ಕನ ಮಗಳ ಮದುವೆಯಲ್ಲಿ ಎಂಟರಲ್ಲಿ ಒಂದು, ಸೋದರತ್ತೆಯ ಮಕ್ಕಳ ಸಂಬಂಧದಲ್ಲಿ ಹದಿನಾರರಲ್ಲಿ ಒಂದು. ಸಮಾಜ ಕಾಕಾನ ಮಗಳನ್ನು ತಂಗಿ ಎನ್ನುತ್ತದೆ, ಅತ್ತೆಯ ಮಗಳನ್ನು ಹೆಂಡತಿಯಾಗಬಹುದಾದವಳು ಎನ್ನುತ್ತದೆ; ಈ ಲೆಕ್ಕದಲ್ಲಿ ಇಬ್ಬರೂ ಸಮ. ಹಿಂದಿನ ತಲೆಮಾರುಗಳಲ್ಲೂ ಸೋದರಿಕೆ ನಡೆದಿದ್ದರೆ ಸಾಧ್ಯತೆ ಇನ್ನೂ ಏರುತ್ತದೆ.

ಒಂದು ದುರ್ಬಲ ರೋಗದ ಅಲೀಲ್ ನೂರಕ್ಕೆ ಒಂದರಂತೆ ಇದೆ ಎಂದುಕೊಂಡರೆ, ಹೊರಗಿನ ಸಂಬಂಧದಲ್ಲಿ ರೋಗಿ ಮಗು ಹತ್ತು ಸಾವಿರಕ್ಕೆ 1, ಅತ್ತೆಯ ಮಗಳ ಸಂಬಂಧದಲ್ಲಿ ಸುಮಾರು 7, ಅಕ್ಕನ ಮಗಳ ಸಂಬಂಧದಲ್ಲಿ ಸುಮಾರು 13. ಅಲೀಲ್ ಅಪರೂಪವಾದಷ್ಟೂ ಈ ಅಂತರ ಹಿಗ್ಗುತ್ತದೆ. ಸಾವಿರಕ್ಕೆ ಒಂದಾದರೆ ಹೊರಗಿನ ಸಂಬಂಧದಲ್ಲಿ ಹತ್ತು ಲಕ್ಷಕ್ಕೆ 1, ಅಕ್ಕನ ಮಗಳ ಸಂಬಂಧದಲ್ಲಿ ಸುಮಾರು 126. ಇಷ್ಟಾದರೂ ಸೋದರಿಕೆಯಲ್ಲಿ ಹುಟ್ಟುವ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ. ಹೊರಗಿನ ಸಂಬಂಧದಲ್ಲೂ ನೂರಕ್ಕೆ ಎರಡು ಮೂರು ಮಕ್ಕಳಿಗೆ ಹುಟ್ಟುದೋಷ ಇರುವುದುಂಟು. ಹೆದರಿಸುವುದಕ್ಕೆ ಈ ಅಂಕಿಗಳನ್ನು ಬಳಸುವುದು ತಪ್ಪು, ಮುಚ್ಚಿಡುವುದು ಅದಕ್ಕಿಂತ ದೊಡ್ಡ ತಪ್ಪು.

ತಲಸೀಮಿಯಾ ಎಂಬ ರಕ್ತದ ಕಾಯಿಲೆ ಇದರ ಮುಖ್ಯ ನಿದರ್ಶನ. ಭಾರತದಲ್ಲಿ ಬೀಟಾ ತಲಸೀಮಿಯಾದ ವಾಹಕರು ನೂರಕ್ಕೆ ಮೂರು ನಾಲ್ಕು ಮಂದಿ. ವಾಹಕರಿಗೆ ತೊಂದರೆ ಕಾಣದು, ಬಹಳವಾದರೆ ತುಸು ರಕ್ತಹೀನತೆ. ಇಬ್ಬರು ವಾಹಕರ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ತೀವ್ರ ರೋಗ; ಆ ಮಗುವಿಗೆ ಜೀವನವಿಡೀ ಎರಡು ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು. ವಾಹಕನಾದ ಗಂಡು ಹೊರಗಿನ ಹೆಣ್ಣನ್ನು ತಂದರೆ, ಆಕೆ ವಾಹಕಳಾಗಿರುವ ಸಾಧ್ಯತೆ 25ರಲ್ಲಿ 1, ಮಗುವಿಗೆ ರೋಗದ ಸಾಧ್ಯತೆ 100ರಲ್ಲಿ 1. ಸೋದರತ್ತೆಯ ಮಗಳಾದರೆ ಎಂಟರಲ್ಲಿ ಒಂದರ ನಾಲ್ಕನೆಯ ಪಾಲು, ಅಂದರೆ 32ರಲ್ಲಿ 1. ಅಕ್ಕನ ಮಗಳಾದರೆ ನಾಲ್ಕರಲ್ಲಿ ಒಂದರ ನಾಲ್ಕನೆಯ ಪಾಲು, 16ರಲ್ಲಿ 1.

‘ನಾಲ್ಕರಲ್ಲಿ ಒಂದು’ ಎಂಬ ಮಾತನ್ನು ಅನೇಕರು ತಪ್ಪಾಗಿ ತಿಳಿಯುತ್ತಾರೆ. ಮೊದಲ ಮಗುವಿಗೆ ರೋಗ ಬಂತು, ಇನ್ನು ಮೂರು ಮಕ್ಕಳು ಸುರಕ್ಷಿತ ಎಂದು ಹಿರಿಯರು ಸೊಸೆಗೆ ಧೈರ್ಯ ಹೇಳುವುದುಂಟು. ವಂಶವಾಹಿಗೆ ಹಿಂದಿನ ಹೆರಿಗೆಯ ನೆನಪಿಲ್ಲ. ಪ್ರತಿ ಬಸಿರಿನಲ್ಲೂ ಚೌಕ ಹೊಸದಾಗಿ ತುಂಬುತ್ತದೆ. ಇಬ್ಬರು ವಾಹಕರಿಗೆ ನಾಲ್ಕು ಮಕ್ಕಳಾದರೆ ನಾಲ್ವರೂ ರೋಗಮುಕ್ತರಾಗಿರುವ ಸಾಧ್ಯತೆ 256ರಲ್ಲಿ 81, ನೂರಕ್ಕೆ 32ರಷ್ಟು ಮಾತ್ರ. ರೋಗವಿಲ್ಲದ ಒಡಹುಟ್ಟಿದವರಿಗೂ ಒಂದು ಲೆಕ್ಕವಿದೆ. ರೋಗಿಯ ಆರೋಗ್ಯವಂತ ಅಣ್ಣನೋ ತಂಗಿಯೋ ವಾಹಕರಾಗಿರುವ ಸಾಧ್ಯತೆ ಅರ್ಧವಲ್ಲ, ಮೂರರಲ್ಲಿ ಎರಡು. ನಾಲ್ಕು ಮನೆಗಳಲ್ಲಿ ರೋಗದ ಮನೆ ತೆಗೆದರೆ ಉಳಿಯುವ ಮೂರರಲ್ಲಿ ಎರಡು ಮಿಶ್ರ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮಗುವಿಗೆ ಇಂಥ ರೋಗ ಬಂದಾಗ ಮನೆಯವರು ಬೆರಳು ತೋರುವುದು ತಾಯಿಯ ಕಡೆಗೆ. ಚೌಕದಲ್ಲಿ ಒಂದು ಸಾಲು ತಾಯಿಯದಾದರೆ ಇನ್ನೊಂದು ಸಾಲು ತಂದೆಯದು. ದುರ್ಬಲ ರೋಗದ ಮನೆ ತುಂಬಲು ಇಬ್ಬರಿಂದಲೂ ಒಂದೊಂದು ಪ್ರತಿ ಬರಲೇಬೇಕು. ತಾಯಿಯನ್ನು ಮಾತ್ರ ದೂರುವುದಕ್ಕೆ ಈ ಶಾಸ್ತ್ರದಲ್ಲಿ ಎಳ್ಳಷ್ಟೂ ಆಧಾರವಿಲ್ಲ.

ವಾಹಕರನ್ನು ಪತ್ತೆ ಮಾಡುವ ರಕ್ತಪರೀಕ್ಷೆ ಕಷ್ಟದ್ದಲ್ಲ. ಸಾದಾ ರಕ್ತ ಎಣಿಕೆಯಲ್ಲಿ ಕೆಂಪುಕಣಗಳು ಚಿಕ್ಕದಾಗಿ ಕಂಡರೆ ಹಿಮೊಗ್ಲೋಬಿನ್ ಎ2 ಅಳೆಯುತ್ತಾರೆ. ಅದು ನೂರಕ್ಕೆ 3.5ಕ್ಕಿಂತ ಹೆಚ್ಚಿದ್ದರೆ ವಾಹಕ. ಇಬ್ಬರೂ ವಾಹಕರೆಂದು ಮದುವೆಯ ನಂತರ ತಿಳಿದರೂ ಬಸಿರಿನ 10ರಿಂದ 12 ವಾರಗಳಲ್ಲಿ ಭ್ರೂಣದ ಪರೀಕ್ಷೆ ಸಾಧ್ಯ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಮನೆಗಳಲ್ಲಿ ಸೋದರಿಕೆಯ ಮಾತುಕತೆ ನಡೆಸುತ್ತಿರುವ ಹಿರಿಯರು ನಿಶ್ಚಯದ ಅಕ್ಕಿಕಾಳು ಹಾಕುವ ಮೊದಲು ಹುಡುಗ ಹುಡುಗಿ ಇಬ್ಬರಿಗೂ ಈ ಪರೀಕ್ಷೆ ಮಾಡಿಸಬೇಕು. ಬೆಳಗಾವಿ, ಧಾರವಾಡ, ಹುಬ್ಬಳ್ಳಿಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ಒಂದು ದಿನದಲ್ಲಿ ಹೋಗಿಬರುವ ದೂರದಲ್ಲಿವೆ.